ಗೋಪಮ್ಮನ ಎಮ್ಮೆ ದೇವದುರ್ಗಕ್ಕೆ ಹೋದದ್ದು

ರಾಯಚೂರು ಬಸ್ ನಿಲ್ದಾಣದಲ್ಲಿ ನಾಲ್ಕು ಜನ ಓಡಿದರೆ ಐದನೆಯವನೂ ಓಡಬೇಕು. ಬಸ್ಸು ಎಲ್ಲಿಗೆ ಎಂದು ಕೇಳುತ್ತ ನಿಂತವನಿಗೆ ಇಂದಿನವರೆಗೆ ಸೀಟು ಸಿಕ್ಕಿಲ್ಲ. ಆ ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಗೌತಮ ಮಾಸ್ತರನೂ ಓಡಿದ. ಬಾಗಿಲಿಗೆ ಜನ ಬೆಲ್ಲಕ್ಕೆ ಇರುವೆ ಮುತ್ತಿದಂತೆ ಮುತ್ತಿದ್ದರು. ಕಿಟಕಿಯೊಳಗೆ ಏನಾದರೂ ಎಸೆದರೆ ಆ ಸೀಟು ಎಸೆದವನದು. ನಮ್ಮ ಕಡೆ ಯಾರೂ ಬರೆದಿಡದ, ಆದರೆ ಯಾರೂ ಮುರಿಯದ ಕಾನೂನು ಅದೊಂದೇ. ಗೌತಮನ ಹತ್ತಿರ ಟವೆಲ್ ಇರಲಿಲ್ಲ. ಕೈಯಲ್ಲಿದ್ದ ನೋಟ್‌ಬುಕ್ಕನ್ನೇ ಎಸೆದ. ಅದು ಕಿಟಕಿ ಪಕ್ಕದ ಸೀಟಿನ ಮೇಲೆ ಗೌಡರಂತೆ ಹೋಗಿ ಕುಳಿತಿತು.

"ಮಾನ್ವಿ, ಮಾನ್ವಿ! ಕಲ್ಲೂರು ಮ್ಯಾಲೆ ಮಾನ್ವಿ!" ಎಂದು ಕಂಡಕ್ಟರ್ ಕೂಗಿದ.

ಗೌತಮ ಹೋಗಬೇಕಾದದ್ದು ದೇವದುರ್ಗಕ್ಕೆ! ಬಾಗಿಲಿಗೆ ಜೋತುಬಿದ್ದವರ ನಡುವೆ ತೂರಲು ನೋಡಿದ, ಆಗಲಿಲ್ಲ. ಬಸ್ಸು ಹೊಗೆ ಬಿಟ್ಟು ಹೊರಟೇಹೋಯಿತು.

ನಿಲ್ದಾಣದ ಮೂಲೆಯಲ್ಲಿ ಪೇರಲಹಣ್ಣು ಮಾರುತ್ತಿದ್ದ ಅವನ ತಾಯಿ ಗೋಪಮ್ಮ ಎದ್ದು ನಿಂತು, "ಏ ಬಸ್ಸಿನಾವಾ, ನಿಂದರೋ! ನನ್ನ ಮಗನ ಬುಕ್ಕು ಒಳಗದೋ!" ಎಂದು ಕೂಗಿದಳು. ಗೋಪಮ್ಮನ ದನಿ ಅಂದರೆ ಸಾಮಾನ್ಯವಲ್ಲ. ಇಡೀ ನಿಲ್ದಾಣ ತಿರುಗಿ ನೋಡಿತು, ಬಸ್ಸೊಂದನ್ನು ಬಿಟ್ಟು.

ಆ ನೋಟ್‌ಬುಕ್ಕಿನಲ್ಲಿ ಗೌತಮನ ಇಡೀ ಬಾಳು ಇತ್ತು. ಒಂಬತ್ತು ವರ್ಷದಿಂದ ಅವನು ಯರಗೇರಾದಲ್ಲಿ ಅತಿಥಿ ಶಿಕ್ಷಕ. ಅತಿಥಿ ಎಂದು ಕರೆದು ಇಷ್ಟು ದುಡಿಸುವುದು ಮಾಸ್ತರರನ್ನು ಮಾತ್ರ. ಈಗ ದೇವದುರ್ಗದ ಒಂದು ಶಾಲೆಯಲ್ಲಿ ಇಂಗ್ಲಿಷ್ ಟೀಚರ್ ಕೆಲಸ ಖಾಲಿಯಿತ್ತು, ಅದೂ ಕಾಯಂ. ಹನ್ನೊಂದೂವರೆಗೆ ಮಕ್ಕಳ ಮುಂದೆ, ಕಮಿಟಿಯ ಮುಂದೆ ಪಾಠ ಮಾಡಿ ತೋರಿಸಬೇಕು. ಕೊಟ್ಟ ವಿಷಯ: ಇಂಗ್ಲಿಷಿನ ಅಧೀನ ವಾಕ್ಯದಲ್ಲಿ ಕ್ರಿಯಾವಿಶೇಷಣಗಳು ಒಟ್ಟೊಟ್ಟಿಗೆ ಬಂದರೆ ಹೇಗೆ ಕೂರುತ್ತವೆ?

ಕೇಳಿದರೆ ನಿದ್ದೆ ಬರುವ ಇಂಥ ವಿಷಯವನ್ನು ಗೌತಮ ಎರಡು ವಾರ ಕೂತು ಹಬ್ಬದೂಟ ಮಾಡಿದ್ದ. ಮುಖ್ಯ ವಾಕ್ಯ ಅಂದರೆ ಟ್ರ್ಯಾಕ್ಟರ್, ಅಧೀನ ವಾಕ್ಯ ಅದರ ಟ್ರೇಲರ್. ಟ್ರೇಲರ್ ತಾನಾಗಿ ಎಲ್ಲಿಗೂ ಹೋಗದು. ಕ್ರಿಯಾವಿಶೇಷಣಗಳು ಹತ್ತಿ ಬಿಡಿಸಲು ಹೊರಟ ಹೆಣ್ಣುಮಕ್ಕಳು. ಟ್ರೇಲರಿನಲ್ಲಿ ಮೊದಲು ಕೂರುವವಳು 'ಹೇಗೆ', ಪಕ್ಕದಲ್ಲಿ 'ಎಲ್ಲಿ', ಕೊನೆಗೆ 'ಯಾವಾಗ'. ಉದಾಹರಣೆಯೂ ಮನೆಯದೇ: 'ವೆನ್ ಗೋಪಮ್ಮ ಶೌಟೆಡ್ ವೆರಿ ಲೌಡ್ಲಿ ಅಟ್ ದ ಬಸ್ ಸ್ಟ್ಯಾಂಡ್ ಎಸ್ಟರ್ಡೇ, ದ ಬಫೆಲೋ ರ‍್ಯಾನ್.' ನಿನ್ನೆ ಗೋಪಮ್ಮ ಬಸ್ ನಿಲ್ದಾಣದಲ್ಲಿ ಬಹಳ ಜೋರಾಗಿ ಕೂಗಿದಾಗ ಎಮ್ಮೆ ಓಡಿತು. ಇದು ನಿಜವಾಗಿ ನಡೆದದ್ದು. ಪೇರಲಹಣ್ಣಿಗೆ ಬಾಯಿ ಹಾಕಿದ ಆ ಎಮ್ಮೆ ಮತ್ತೆ ನಿಲ್ದಾಣದ ಕಡೆ ಬಂದಿಲ್ಲ.

ಕಂಟ್ರೋಲರ್ ಕೋಣೆಯವರು ಪಾಪ ಒಳ್ಳೆಯವರು, ಕಂಡಕ್ಟರ್ ವಲಿ ಪಾಷಾನ ನಂಬರ್ ಕೊಟ್ಟರು. ಗೌತಮ ಅಲ್ಲೇ ನಿಂತು ಒತ್ತಿದ.

"ಹಾಂ ಸರ, ಬುಕ್ಕು ಸೀಟಿನ ಮ್ಯಾಲೇ ಅದ," ಎಂದ ವಲಿ ಪಾಷಾ. "ಮೂವತ್ತು ಮಂದಿ ನಿಂತಾರ, ಒಬ್ಬರೂ ಅಲ್ಲಿ ಕುಂತಿಲ್ಲ ನೋಡ್ರಿ. ಯಾರೋ ಬುಕ್ಕು ಇಟ್ಟಾರ, ಬರ್ತಾರ ಅಂತ ಕಾಯಾಕತ್ತಾರ. ನೀವು ಹತ್ತೇ ಇಲ್ಲೇನ್ರೀ?"

"ಇಲ್ರೀ ಯಪ್ಪಾ, ನಾ ದೇವದುರ್ಗಕ್ಕ ಹೋಗಾವ!"

"ಫಿಕರ್ ಮಾಡಬ್ಯಾಡ್ರಿ. ಮಾನ್ವಿಯಿಂದ ಅಮೀರ್ ಸಾಬ್ ಡ್ರೈವರ್ ದೇವದುರ್ಗಕ್ಕ ಹೊಂಟಾನ. ಅವನ ಕೈಯಾಗ ಕೊಡ್ತೀನಿ. ಅಲ್ಲಿ ಯಾರಿಗಿ ಮುಟ್ಟಿಸಬೇಕು, ಹೇಳ್ರಿ."

"ಊರು ಹೊಕ್ಕೂಡ್ಲೇ ರಸ್ತಾದ ಮ್ಯಾಲೆ ಸಾಲಿ ಅದಲ್ರೀ, ಅದರ ಗೇಟಿನ ಮುಂದ ಪಾಠ ಮಾಡಾಕ ಬಂದ ಇಂಗ್ಲಿಷ್ ಟೀಚರ್ ನಿಂತಿರ್ತಾರ. ಅವರ ಕೈಯಾಗ ಕೊಡಂತ ಹೇಳ್ರಿ."

ಅಲ್ಲಿಗೆ ಕತೆ ಸುಖವಾಗಿ ಮುಗಿಯಬೇಕಿತ್ತು. ನಮ್ಮ ಕಡೆ ಊಟದ ಡಬ್ಬಿ, ಔಷಧಿ, ಮದುವೆ ಕಾರ್ಡು ಎಲ್ಲ ಡ್ರೈವರ್ ಕೈಯಲ್ಲೇ ಊರೂರಿಗೆ ಹೋಗುತ್ತವೆ, ಒಂದೂ ಕಳೆದದ್ದಿಲ್ಲ. ಗೌತಮ ಮುಂದಿನ ದೇವದುರ್ಗದ ಬಸ್ಸು ಹತ್ತಿದ್ದರೆ ಸಾಕಿತ್ತು. ಆದರೆ ಅವನನ್ನು ನಿಲ್ದಾಣಕ್ಕೆ ಬಿಡಲು ಬಂದಿದ್ದ ಪಕ್ಕದ ಮನೆಯ ಹನುಮಂತರಾಯ ಇನ್ನೂ ಹೋಗಿರಲಿಲ್ಲ. ಪರರ ಕೆಲಸ ಅಂದರೆ ಅವನಿಗೆ ಹಸಿವೆ ನಿದ್ದೆ ಇಲ್ಲ.

"ಹುಚ್ಚು ಹಿಡದದೇನಲೇ? ನೌಕರಿ ಬುಕ್ಕು ಯಾರದೋ ಕೈಯಾಗ ಬಿಡ್ತೀ?" ಎಂದು ಅವನು ಬೈಕಿಗೆ ಕಿಕ್ ಹೊಡೆದ. "ಹತ್ತು ಗಾಡಿ. ಕಲ್ಲೂರಾಗ ಬಸ್ ಹಿಡದು ಕೊಡ್ತೀನಿ!"

"ಹೋಗು ಯಪ್ಪಾ, ಲಗೂನ ಹೋಗು!" ಎಂದು ಗೋಪಮ್ಮನೂ ಕೂಗಿದಳು. ತಾಯಿ ಕೂಗಿದ ಮೇಲೆ ಎಮ್ಮೆಯೇ ಓಡಿದೆ, ಗೌತಮ ಎಷ್ಟರವನು? ಹತ್ತಿದ.

ಬೈಕು ಹಾರಿತು. ಊರು ದಾಟಿದ ಮೇಲೆ ಮುಂದೆ ಬಸ್ಸಿನ ಬೆನ್ನು ಕಂಡಿತು! "ಹಿಡದ್ವಿ!" ಎಂದು ಹನುಮಂತರಾಯ ಕೂಗಿದ್ದೇ ತಡ, ರಸ್ತೆಗೆ ಅಡ್ಡ ಇನ್ನೂರು ಕುರಿ. ಕುರಿ ದಾಟುವಷ್ಟರಲ್ಲಿ ಬಸ್ಸು ಮಾಯ. ಕಲ್ಲೂರಿನ ಚಹಾದಂಗಡಿ ಮುಂದೆ ಕೂತವರು, "ಈಗ ಹೋತು ನೋಡ್ರಿ, ಚಹಾ ಕುಡ್ಯೂದರಾಗ ಸಿಗ್ತದ, ಕುಡೀರಿ ಮೊದಲ," ಎಂದರು. ಕುಡಿಯದೆ ಹೊರಟರು. ಎರಡು ಮೈಲು ಹೋಗುವುದರಲ್ಲಿ ಪೆಟ್ರೋಲ್ ಮುಗಿಯಿತು. ಬೈಕು ದಬ್ಬುತ್ತ ಗೌತಮ ವಲಿ ಪಾಷಾನಿಗೆ ಫೋನ್ ಹಚ್ಚಿದ. "ಸರ, ಎಲ್ಲಿದ್ದೀ..." ಎಂದು ಆ ಕಡೆಯಿಂದ ಅವನು ಅನ್ನುವಷ್ಟರಲ್ಲಿ ಫೋನಿನ ಚಾರ್ಜ್ ಹೋಯಿತು. ರಾತ್ರಿಯೆಲ್ಲ ಕ್ರಿಯಾವಿಶೇಷಣದ ವಿಡಿಯೋ ನೋಡಿದ್ದರ ಪುಣ್ಯ. ನಂಬರೂ ಅದರೊಳಗೇ ಉಳಿಯಿತು.

ದಬ್ಬುತ್ತ ಬಂಕ್ ಸೇರಿ, ಪೆಟ್ರೋಲ್ ಹಾಕಿಸಿಕೊಂಡು ಮಾನ್ವಿ ಮುಟ್ಟಿದಾಗ ಹತ್ತೂ ಮುಕ್ಕಾಲು. ನಿಲ್ದಾಣದ ಬೀಡಾ ಅಂಗಡಿಯವನು ಇವರನ್ನು ಕಂಡೊಡನೆ ನಕ್ಕ. "ಇಂಗ್ಲಿಷ್ ಬುಕ್ಕಿನವರು ನೀವೇನ್ರೀ? ಚಿಂತಿ ಬ್ಯಾಡ, ಅಮೀರ್ ಸಾಬ್ ತಗೊಂಡು ಹೋಗಿ ಅರ್ಧ ತಾಸಾತು!"

"ನಡೀಲೇ ದೇವದುರ್ಗಕ್ಕ!" ಎಂದ ಹನುಮಂತರಾಯ. ಅವನಿಗೆ ಇಂಥ ದಿನ ಜೀವನದಲ್ಲಿ ಮತ್ತೆ ಸಿಗುವುದಿಲ್ಲ ಎಂಬಷ್ಟು ಖುಷಿ. ಗೌತಮ ಅವನ ಬೆನ್ನ ಹಿಂದೆ ಧೂಳು ನುಂಗುತ್ತ ತನ್ನ ಪಾಠವನ್ನು ಗಾಳಿಗೆ ಹೇಳತೊಡಗಿದ. "ಹೇಗೆ, ಎಲ್ಲಿ, ಯಾವಾಗ! ಹೇಗೆ, ಎಲ್ಲಿ, ಯಾವಾಗ!" ದಾರಿಯ ತಗ್ಗಿಗೊಂದು ಸಾರಿ ಹೇಳಿದರೂ ಪಾಠ ಬಾಯಿಪಾಠವಾಗುವಷ್ಟು ತಗ್ಗುಗಳಿದ್ದವು.

ಶಾಲೆಯ ಗೇಟು ಮುಟ್ಟಿದಾಗ ಹನ್ನೆರಡೂಕಾಲು. ಗೇಟಿನ ಮುಂದೆ ಡ್ರೈವರೂ ಇಲ್ಲ, ಬುಕ್ಕೂ ಇಲ್ಲ. ಕಾವಲುಗಾರ ಗಡಿಗೆಪ್ಪ ಅವನ ರಟ್ಟೆ ಹಿಡಿದು ಒಳಗೆ ದಬ್ಬಿದ. "ಗೌತಮ ನೀವೇನ್ರೀ? ಓಡ್ರಿ ಓಡ್ರಿ, ಕಡೀ ಹೆಸರು ನಿಮ್ಮದೇ, ಮೂರು ಸಲ ಕೂಗ್ಯಾರ!"

ಗೌತಮ ಬುಕ್ಕಿಲ್ಲದೆ ಬೋರ್ಡಿನ ಮುಂದೆ ನಿಂತು ಸೀಮೆಸುಣ್ಣ ಎತ್ತಿಕೊಂಡ. ಒಂದು ಟ್ರ್ಯಾಕ್ಟರ್ ಬರೆದ. ಅಷ್ಟೇ! ಎಲ್ಲ ನೆನಪಾಯಿತು! ಟ್ರೇಲರ್ ಬಂತು, ಹತ್ತಿ ಬಿಡಿಸುವವರು ಬಂದರು. "ಮೊದಲು ಯಾರು ಕೂರ್ತಾರೆ?" ಎಂದ. "ಹೇಗೆ!" ಎಂದು ಮಕ್ಕಳು ಒಕ್ಕೊರಲಿಂದ ಕೂಗಿದರು. ಆಹಾ, ಎಂಥ ಜಾಣ ಮಕ್ಕಳು! "ಆಮೇಲೆ?" ಅನ್ನುವ ಮೊದಲೇ "ಎಲ್ಲಿ, ಯಾವಾಗ!" ಎಂದರು. ಗೌತಮನಿಗೆ ಮೈಯೆಲ್ಲ ಪುಳಕ. ಒಂಬತ್ತು ವರ್ಷದಲ್ಲಿ ಇಂಥ ಕ್ಲಾಸು ಕಂಡಿರಲಿಲ್ಲ. "ವೆನ್ ಗೋಪಮ್ಮ..." ಎಂದು ಬಾಯಿ ತೆರೆದ.

"ಶೌಟೆಡ್ ವೆರಿ ಲೌಡ್ಲಿ ಅಟ್ ದ ಬಸ್ ಸ್ಟ್ಯಾಂಡ್ ಎಸ್ಟರ್ಡೇ, ದ ಬಫೆಲೋ ರ‍್ಯಾನ್!" ಎಂದು ನಲವತ್ತು ಮಕ್ಕಳು ಮಾಡು ಹಾರುವಂತೆ ಕೂಗಿದರು.

ಗೌತಮನ ಕೈಯಿಂದ ಸೀಮೆಸುಣ್ಣ ಬಿತ್ತು. ಕಮಿಟಿಯ ಅಧ್ಯಕ್ಷರು ಕನ್ನಡಕ ತೆಗೆದರು. "ಸಾಕು ಮಾಸ್ತರ. ಇದೇ ಪಾಠ, ಇದೇ ಟ್ರ್ಯಾಕ್ಟರು ಹನ್ನೊಂದೂವರಿಗಿ ಗಬ್ಬೂರಿನ ವಿಶಾಖಾ ಮೇಡಂ ಮಾಡಿ ಹೋದ್ರು. ಕಿಟಕ್ಯಾಗ ನಿಂತು ಕದ್ದು ಕೇಳಿದ್ರೇನು?"

"ಸರ, ಅದು ನಂದು ಸರ!"

"ಗೋಪಮ್ಮನೂ ನಿಮ್ಮಾಕಿನೇ ಏನು?"

"ಗೋಪಮ್ಮ ನಮ್ಮವ್ವ ರೀ!"

ಕಮಿಟಿ ಬಿದ್ದು ಬಿದ್ದು ನಕ್ಕಿತು. "ನೌಕರಿ ಸಲುವಾಗಿ ಉದಾಹರಣೆಯೊಳಗಿನ ಹೆಣ್ಣುಮಗಳಿಗಿ ಅವ್ವ ಅನ್ನಾವನ್ನ ಇವತ್ತೇ ನೋಡಿದ್ವಿ," ಎಂದು ಅಧ್ಯಕ್ಷರು ಕಣ್ಣೊರೆಸಿಕೊಂಡರು. ಕಾಯಂ ಕೆಲಸ ವಿಶಾಖಾ ಮೇಡಂಗೆ ಎಂದು ಅಲ್ಲೇ ಹೇಳಿಬಿಟ್ಟರು.

ಗೇಟಿನ ಹತ್ತಿರ ವಿಶಾಖಾ ಮೇಡಂ ಪೇಡೆ ಹಂಚುತ್ತಿದ್ದಳು. ಇವನ ಕೈಗೂ ಒಂದು ಇಟ್ಟಳು. "ಬ್ಯಾಸರ ಮಾಡಬ್ಯಾಡ್ರಿ ಸರ. ನಾ ಖರೇ ಹೇಳ್ಬೇಕಂದ್ರ ಏನೂ ತಯಾರಿ ಮಾಡಿದ್ದಿಲ್ಲ. ಇಲ್ಲಿ ನಿಂತಿದ್ದೆ, ಬಸ್ಸಿನ ಡ್ರೈವರ್ ಬಂದು, ಪಾಠ ಮಾಡಾಕ ಬಂದ ಇಂಗ್ಲಿಷ್ ಟೀಚರ್ ನೀವೇನ್ರೀ ಅಂದ. ಹೌದ್ರೀ ಅಂದೆ. ಈ ಬುಕ್ಕು ಕೊಟ್ಟು ಹೋದ. ಹೆಸರಿಲ್ಲ, ಊರಿಲ್ಲ. ಸಾಲಿಯವರೇ ಎಲ್ಲರಿಗೂ ಕಳಿಸ್ಯಾರ ಅನ್ಕೊಂಡೆ. ಬರದಾವ ಯಾರೋ, ಭಾಳ ದೊಡ್ಡ ಮಾಸ್ತರ ಇರಬೇಕು!"

"ನಂದು ರೀ ಅದು!" ಎಂದ ಗೌತಮ, ಪೇಡೆ ಗಂಟಲಲ್ಲಿ ಸಿಕ್ಕಿ.

"ನಿಮ್ಮದೇ ಅನ್ಕೋರಿ ಸರ, ತಗೋರಿ," ಎಂದು ಅವಳು ಕನಿಕರದಿಂದ ನೋಟ್‌ಬುಕ್ಕನ್ನು ಅವನ ಕೈಗಿಟ್ಟಳು. "ನನಗ ಇನ್ನ ಬೇಕಾಗಿಲ್ಲ. ಛಂದಾಗಿ ಓದಿ ಮುಂದಿನ ಸಲ ಬರ್ರಿ."

ಸಂಜೆ ರಾಯಚೂರು ನಿಲ್ದಾಣದಲ್ಲಿ ಹನುಮಂತರಾಯ ಅವನನ್ನು ಇಳಿಸಿದಾಗ ಕಂಡಕ್ಟರ್ ವಲಿ ಪಾಷಾ ಅವನ ಕೈಯಲ್ಲಿನ ಬುಕ್ಕು ನೋಡಿ ಗುರುತು ಹಿಡಿದು ಎದುರಿಗೇ ಬಂದ. "ಬುಕ್ಕು ಸಿಕ್ತಲ್ರೀ ಸರ? ನಾ ಹೇಳಿದ್ದಿಲ್ಲೇನು, ನಮ್ಮ ಕೈಯಾಗ ಕೊಟ್ಟದ್ದು ಇಂದಿಗೂ ತಪ್ಪಿಲ್ಲ!" ಎಂದು ಬೆನ್ನು ಚಪ್ಪರಿಸಿದ. ಗೌತಮ ನೋಟ್‌ಬುಕ್ಕನ್ನು ಎದೆಗೆ ಅವುಚಿಕೊಂಡು ತಲೆಯಾಡಿಸಿದ.

ಪೇರಲಹಣ್ಣಿನ ಬುಟ್ಟಿಯ ಹಿಂದಿನಿಂದ ಗೋಪಮ್ಮ ನಿಲ್ದಾಣಕ್ಕೆಲ್ಲ ಕೇಳುವಂತೆ ಕೂಗಿದಳು. "ಯಪ್ಪಾ, ಏನಾತೋ? ಪಾಸಾತೇನೋ?"

"ನೀನೂ ಪಾಸಾದಿ ಬೇ, ನಿನ್ನ ಎಮ್ಮೀನೂ ಪಾಸಾತು," ಎಂದ ಗೌತಮ. "ನಾನೊಬ್ಬಾವ ಫೇಲು."