ಮರೆಯಲೊಲ್ಲದ ಕಣ್ಣು

ತಿಪ್ಪೇಸ್ವಾಮಿಯವರ ತಿಥಿಯ ಊಟ ಉಂಡ ಮರುದಿನ ಬೆಳಿಗ್ಗೆ, ವಿಮಾನ ನಿಲ್ದಾಣದ ಪಕ್ಕದ ಶಂಶಾಬಾದಿನಲ್ಲಿ ಅವರಿದ್ದ ಅಪಾರ್ಟ್‌ಮೆಂಟಿನ ಎಲ್ಲರ ಫೋನಿಗೂ ಒಂದೇ ಸುದ್ದಿ ಬಂತು: ‘ತಿಪ್ಪೇಸ್ವಾಮಿ ಗೇಟಿನ ಬೆಂಚಿನ ಮೇಲೆ ಕುಳಿತಿದ್ದಾರೆ.’

ಕಳಿಸಿದ್ದು ಗೇಟಿನ ಕಂಬಕ್ಕೆ ಕಟ್ಟಿದ್ದ ಯಂತ್ರದ ಕಣ್ಣು. ಕಟ್ಟಿದವನು ಮೂರನೇ ಮಹಡಿಯ ಪರಮೇಶ. ಮಾದಾಪುರದ ಒಂದು ಲ್ಯಾಬಿನಲ್ಲಿ ಅವನಿಗೆ ಕೆಲಸ, ಕಣ್ಣೂ ಅಲ್ಲಿಯದೇ. ಗೇಟಿನ ಬಳಿ ಯಾರಿದ್ದಾರೆಂದು ಗುರುತು ಹಿಡಿದು ತಿಳಿಸುವುದು ಅದರ ಕೆಲಸ. ಪರೀಕ್ಷಿಸಿ ನೋಡಲೆಂದು ಕೆಲವು ತಿಂಗಳ ಹಿಂದೆ ತಂದಿದ್ದ. ತರಲು ಲ್ಯಾಬಿನಲ್ಲಿ ಯಾರನ್ನೂ ಕೇಳಿರಲಿಲ್ಲ.

ಪರಮೇಶ ಬನಿಯನ್ನಿನಲ್ಲೇ ಕೆಳಗೆ ಓಡಿದ. ಬೆಂಚು ಖಾಲಿ. ಸುದ್ದಿ ಕೇಳಿದ ಹಾಲಿನವನು ಪ್ಯಾಕೆಟ್ಟುಗಳನ್ನು ರಸ್ತೆಯಲ್ಲೇ ಇಟ್ಟು ಗಾಡಿ ತಿರುಗಿಸಿದ್ದ. ಸೊಸೈಟಿಯ ಕಾರ್ಯದರ್ಶಿ ಅಂಬಣ್ಣ ಮಾತ್ರ ಅಲ್ಲಿ ನಿಂತಿದ್ದರು. ರಾಯಚೂರಿನವರು, ಯಾರ ಮನೆಯ ಕುಕ್ಕರ್ ಎಷ್ಟು ಸಲ ಕೂಗಿತೆಂದು ಆ ಮನೆಯವರಿಗಿಂತ ಚೆನ್ನಾಗಿ ಬಲ್ಲವರು.

“ಏನ್ರಿ ಪರಮೇಶ, ಸತ್ತವರ ಹಾಜರಿ ತಗೊಳ್ಳಾಕ ಹಚ್ಚೀರೇನು?”

“ಹಂಗಲ್ರಿ ಕಾಕಾ. ನಮ್ಮ ಮಿದುಳಿನಾಗ ನರಕ್ಕ ನರ ಕೂಡೋ ಜಾಗ ಇರ್ತಾವಲ್ಲ, ಇದರಾಗ ಅದರ ನಕಲು ಐತಿ. ಬೆಳಕು ಬಿದ್ದಲ್ಲಿ ಗುರುತು ಉಳೀತೈತಿ. ಒಮ್ಮೆ ಕಂಡದ್ದು ಮರೀತೈತಿ, ದಿನಾ ಕಂಡದ್ದು ಬೇರು ಬಿಡತೈತಿ. ಅವರು ದಿನಾ ಮುಂಜಾನಿಂದ ಸಂಜೀತನ ಇಲ್ಲೇ ಕುಂದರತಿದ್ರಲ್ರಿ.”

“ಅಂದ್ರ ಅದಕ್ಕ ಅವರು ಕಾಣಾಕತ್ಯಾರ?”

“ಕಾಣಾಕತ್ತಿಲ್ರಿ. ನೆನಪಾಗಾಕತ್ಯಾರ.”

“ಎರಡರಾಗ ಫರಕ್ ಏನ್ರಿ?”

ಅಂಬಣ್ಣ ಧೈರ್ಯ ಮಾಡಿ ತಾವೇ ಬೆಂಚಿನ ಮೇಲೆ ಕುಳಿತರು. ಜೇಬಿನಲ್ಲಿ ಫೋನು ಮಿಸುಕಿತು: ‘ಬೆಂಚಿನ ಮೇಲೆ ಇಬ್ಬರಿದ್ದಾರೆ.’ ಕಾದ ಹೆಂಚಿನ ಮೇಲೆ ಕುಳಿತವರಂತೆ ಅವರು ಎದ್ದರು.

“ಸಂಜೀಯೊಳಗ ಅವರನ್ನ ಎಬ್ಬಿಸಿ ಕಳಸ್ರಿ. ಇಲ್ಲಾಂದ್ರ ನಿಮ್ಮ ಲ್ಯಾಬಿಗೆ ದೂರು ಬರೀತೀನಿ.”

ದೂರು ಹೋದರೆ ನೌಕರಿಯೂ ಹೋದಂತೆಯೇ. ಕಣ್ಣನ್ನು ಕತ್ತಲಲ್ಲಿ ಇಟ್ಟರೆ ಗುರುತು ತಾನಾಗಿ ಅಳಿಯುತ್ತದೆಂದು ಪರಮೇಶನಿಗೆ ಗೊತ್ತಿತ್ತು. ಹೆಂಡತಿ ನಳಿನಿಯ ಕರಿ ಲಂಗವನ್ನು ಹೆಗಲಿಗೆ ಹಾಕಿಕೊಂಡು ಏಣಿ ಹತ್ತಿದ. ಅಷ್ಟರಲ್ಲಿ ತಿಪ್ಪೇಸ್ವಾಮಿಯವರ ಹೆಂಡತಿ ಕಮಲಾಕ್ಷಮ್ಮ ಚಹಾದ ಲೋಟ ಹಿಡಿದು ಬಂದರು.

“ಕಣ್ಣು ಕಟ್ತೀಯೇನಪ್ಪಾ?” ಎಂದು ಮೆಲ್ಲಗೆ ಕೇಳಿದರು. “ಕೊನೆಗೆ ಆಸ್ಪತ್ರೆಯಲ್ಲಿ ಅವರನ್ನು ಗಾಜಿನ ಆಚೆಯಿಂದ ನೋಡಿದ್ದಷ್ಟೇ. ಇಲ್ಲಾದರೂ ಕೂತಿರಲಿ ಬಿಡು.”

ಪರಮೇಶ ಏಣಿ ಇಳಿದ. ಈಗ ಉಳಿದದ್ದು ಒಂದೇ ದಾರಿ: ಹಳೆಯ ಗುರುತಿನ ಮೇಲೆ ಹೊಸ ಗುರುತು ಒತ್ತುವುದು. ಅವರ ಜಾಗದಲ್ಲಿ ತಾನೇ ದಿನವಿಡೀ ಕುಳಿತರೆ ಸಂಜೆಯ ಹೊತ್ತಿಗೆ ಅವರು ಸದ್ದಿಲ್ಲದೆ ಅಳಿಸಿಹೋಗುತ್ತಾರೆ; ಮುದುಕಿಗೆ ಗೊತ್ತೂ ಆಗುವುದಿಲ್ಲ. ಬೆಳಕು ಹೆಚ್ಚಿದಷ್ಟೂ ಬೇಗ ಕಲಿಯುತ್ತದೆಂದು ಅವನು ಬಾಯಿ ತಪ್ಪಿ ಅಂದದ್ದೇ ತಡ, ಅಂಬಣ್ಣ ಮದುವೆ ಮನೆಯ ದೊಡ್ಡ ದೀಪವೊಂದನ್ನು ತಂದು ಅವನ ಮುಖಕ್ಕೇ ಹಿಡಿದರು. ಪರಮೇಶ ಕೆಂಡದ ಮೇಲಿನ ಹಪ್ಪಳದಂತೆ ಮುರುಟತೊಡಗಿದ.

ಕಮಲಾಕ್ಷಮ್ಮ ಎದುರಿಗೆ ಕುರ್ಚಿ ಹಾಕಿಕೊಂಡರು. “ಸ್ವಲ್ಪ ಆ ಕಡೆ ಸರಿಯಪ್ಪಾ. ಅವರಿಗೆ ಮಂಡಿ ನೋವು, ಕಾಲು ಚಾಚಬೇಕು.”

ಪರಮೇಶ ಅವರ ಜಾಗ ಬಿಟ್ಟೆದ್ದ. ಬೆಂಚಿನ ತುದಿಗೆ ಸರಿದ. ಆಕೆ ಲೋಟವನ್ನು ನಡುವೆ ಇಟ್ಟು ಖಾಲಿ ಜಾಗದೊಡನೆ ಮಾತಿಗೆ ತೊಡಗಿದರು: ಗ್ಯಾಸು ಮುಗಿದಿದೆ, ಮಗಳು ಫೋನು ಮಾಡಿದ್ದಳು, ನಿಮ್ಮ ಕನ್ನಡಕ ಯಾರಿಗಾದರೂ ಕೊಡಲೇ. ಆಮೇಲೆ ಪರಮೇಶನ ಕಡೆ ತಿರುಗಿ, “ಏನಂತಾರೆ?” ಎಂದರು.

ಪರಮೇಶ ಖಾಲಿ ಜಾಗದತ್ತ ಕಿವಿ ಕೊಟ್ಟ. “ಕೊಡು ಅಂತಾರ್ರಿ.”

ಆಕೆ ಸಮಾಧಾನದಿಂದ ತಲೆಯಾಡಿಸಿದರು. ವಿಮಾನವೊಂದು ತಲೆಯ ಮೇಲೆ ಹಾದುಹೋಯಿತು. ಅದರ ನೆರಳು ಬೆಂಚನ್ನು ಸವರಿದಾಗ ಪಕ್ಕದಲ್ಲಿ ಯಾರೋ ಕಾಲು ಮಡಚಿದಂತಾಯಿತು. ಪರಮೇಶ ಲೋಟದ ಕಡೆ ನೋಡಿದ. ಅದು ಖಾಲಿಯಾಗಿತ್ತು. ಕುಡಿದವನು ತಾನೇ ಹೌದೋ ಅಲ್ಲವೋ, ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ.

ಹೊತ್ತು ಇಳಿದಾಗ ಅಂಬಣ್ಣ ದೀಪ ಆರಿಸಿದರು. ಕಮಲಾಕ್ಷಮ್ಮ ಒಳಗೆ ಹೋದರು. ಕೆಲಸ ಮುಗಿಯಿತೆಂದುಕೊಂಡು, ಸೊಂಟ ಹಿಡಿದುಕೊಂಡೇ ಪರಮೇಶ ಲಿಫ್ಟ್ ಹತ್ತಿ ಮನೆಯ ಗಂಟೆ ಒತ್ತಿದ.

“ಯಾರದು?” ಒಳಗಿನಿಂದ ನಳಿನಿಯ ದನಿ.

“ನಾನು. ಬಾಗಲಾ ತೆಗಿ.”

“ಈಗಷ್ಟೇ ಎಲ್ಲಾರ ಫೋನಿಗೂ ಬಂದೈತಿ. ಬೆಂಚಿನ ಮ್ಯಾಲೆ ತಿಪ್ಪೇಸ್ವಾಮಿಯವರು ಕುಂತಾರ, ಅವರ ಬಾಜೂಕ ನೀವು ಕುಂತೀರಿ.”

ಪರಮೇಶನಿಗೆ ಆಗ ಹೊಳೆಯಿತು. ಅವನು ತುದಿಗೆ ಸರಿದು ಕುಳಿತಿದ್ದ. ಕಣ್ಣು ತಿಪ್ಪೇಸ್ವಾಮಿಯವರನ್ನು ಅಳಿಸದೆ ಅವನನ್ನೂ ಅವರ ಪಕ್ಕದಲ್ಲೇ ಬರೆದುಕೊಂಡಿತ್ತು.

“ಅದು ನಾನಲ್ಲ ನಳಿನಿ. ಬರೇ ನೆನಪು.”

ಒಳಗೆ ಕೆಳಗಿನ ಚಿಲಕ ಬಿದ್ದ ಸದ್ದಾಯಿತು.

“ನೆನಪಾಗಿ ಅಲ್ಲಿ ಕುಂತ ಇನ್ನೊಬ್ಬರು ಸತ್ತವರಂತ ಎಲ್ಲಾರಿಗೂ ಗೊತ್ತೈತಿ,” ಎಂದಳು ಅವಳು ಬಾಗಿಲ ಹಿಂದಿನಿಂದಲೇ. “ಹಂಗಾದ್ರ ಬಾಗಲದಾಗ ಬಂದು ನಿಂತಾಂವ ಯಾರು?”

ಪರಮೇಶ ಮತ್ತೆ ಗಂಟೆ ಒತ್ತುವಷ್ಟರಲ್ಲಿ ಮೇಲಿನ ಚಿಲಕವೂ ಬಿದ್ದ ಸದ್ದಾಯಿತು.