ಗೋಡೆಗೆ ಟೋಪಿ

ಒಬ್ಬರೇ ಇರುವವರ ಮನೆಯಲ್ಲಿ ನಗುವಂಥದ್ದು ಏನೂ ನಡೆಯುವುದಿಲ್ಲ ಎಂದು ಜನ ತಿಳಿದಿದ್ದಾರೆ. ಹಾಗೇನಿಲ್ಲ. ಆಗಾಗ ಒಂದಿಲ್ಲೊಂದು ನಡೆಯುತ್ತಲೇ ಇರುತ್ತದೆ. ಪಕ್ಕದಲ್ಲಿ ನಿಂತು ನಗುವವರು ಇರುವುದಿಲ್ಲ, ಅಷ್ಟೇ.

ನಾನು ಸರ್ಕಾರಿ ದವಾಖಾನೆಯಲ್ಲಿ ನರ್ಸ್ ಆಗಿದ್ದವಳು. ಶಿಗ್ಗಾವಿ, ಸವಣೂರು, ಹಿರೇಕೆರೂರು ಎಂದು ವರ್ಗವಾಗುತ್ತ, ಹೋದಲ್ಲೆಲ್ಲ ಕ್ವಾರ್ಟರ್ಸಿನಲ್ಲೇ ಇದ್ದೆ. ಮದುವೆಯಾಗಲಿಲ್ಲ. ಊರಿಗೆಲ್ಲ ಸಿಸ್ಟರ್, ಮನೆಯಲ್ಲಿ ಮಾತ್ರ ಯಾರಿಗೂ ಏನೂ ಅಲ್ಲ. ನಿವೃತ್ತಿಯಾದ ಮೇಲೆ ಹಾನಗಲ್ಲಿನ ಹೊರಗೆ ಹೊಸ ಬಡಾವಣೆಯಲ್ಲಿ ಎರಡು ಕೋಣೆಯ ಮನೆ ಕಟ್ಟಿಸಿದೆ. ಸುತ್ತ ಖಾಲಿ ಜಾಗ. ಗಡಿಕಲ್ಲು, ಹುಲ್ಲು, ಮೇಯಲು ಬರುವ ಆಡು. ಆಡುಗಳಿಂದ ಮಲ್ಲಿಗೆ, ಬದನೆ ಗಿಡಗಳನ್ನು ಉಳಿಸಿಕೊಳ್ಳಲು ಕೈತೋಟಕ್ಕೆ ಎದೆಯೆತ್ತರದ ಗೋಡೆ ಕಟ್ಟಿಸಿದೆ. ಮುಂದಿನದೆಲ್ಲ ಆ ಗೋಡೆಯ ಪುರಾಣ.

ಗೌಂಡಿಯ ಮಾತು

ಗೋಡೆ ಕಟ್ಟಿದ ಗೌಂಡಿ, "ಮ್ಯಾಲ ಟೋಪಿ ಒಂದ ಬಾಕಿ ಐತ್ರಿ ಸಿಸ್ಟರ್. ಸೋಮವಾರ ಬಂದು ಹಾಕ್ತೇನ್ರಿ" ಎಂದು ಹೇಳಿ ಹೋದ. ಟೋಪಿ ಎಂದರೆ ಗೋಡೆಯ ತಲೆಯ ಮೇಲೆ ಸಾಲಾಗಿ ಕೂಡಿಸುವ ಸಿಮೆಂಟಿನ ಕಲ್ಲು. ನಡುವೆ ಎತ್ತರ, ಎರಡೂ ಕಡೆ ಇಳಿಜಾರು. ಅದಿಲ್ಲದಿದ್ದರೆ ಮಳೆನೀರು ಗೋಡೆಯೊಳಗೇ ಇಳಿದು ಇಟ್ಟಿಗೆ ಉದುರಲು ಶುರುವಾಗುತ್ತದೆ.

ಸೋಮವಾರಗಳು ಬಂದವು, ಗೌಂಡಿ ಬರಲಿಲ್ಲ. ಫೋನ್ ಮಾಡಿದರೆ "ತಡಸದಾಗ ಕೆಲಸ ನಡದೈತ್ರಿ" ಎಂದ. ಆಮೇಲೆ ಫೋನ್ ಎತ್ತುವುದನ್ನೇ ಬಿಟ್ಟ. ಮಳೆಗಾಲ ಹತ್ತಿರ ಬಂದಿತ್ತು. ಸಿಮೆಂಟ್ ಅಂಗಡಿಯ ಮಾಲೀಕರ ಮುಂದೆ ಗೋಳು ಹೇಳಿಕೊಂಡೆ.

ಅವರು ಕೇಳಿದರು, "ಟೋಪಿ ಹಾಕ್ತೇನಿ ಅಂತ ಬಾಯಿ ಬಿಟ್ಟ ಹೇಳಿದ್ನಲ್ರಿ?"

"ಹೌದ್ರಿ."

"ಹಾಕ್ಯಾನ ನೋಡ್ರಿ. ಗ್ವಾಡಿಗೆ ಅಂತ ನೀವು ತಿಳಕೊಂಡ್ರಿ."

ತೊಟ್ಟಿಲು

ಜನ್ಮವಿಡೀ ಮಂದಿಯ ಮುರಿದ ಕೈಕಾಲಿಗೆ ಪ್ಲಾಸ್ಟರ್ ಹಾಕಿದವಳು ನಾನು, ಒಂದು ಗೋಡೆಗೆ ಸಿಮೆಂಟ್ ಹಾಕಲಾರೆನೇ? ಕಲ್ಲುಗಳನ್ನು ನಾನೇ ಎರಕ ಹೊಯ್ಯುವುದೆಂದು ನಿರ್ಧರಿಸಿದೆ. ಅದಕ್ಕೆ ಕಟ್ಟಿಗೆಯ ಅಚ್ಚು ಬೇಕು. ಸವಣೂರಿನಲ್ಲಿ ಪರಿಚಯವಿದ್ದ ಬಡಿಗ ಚಾಚಾ ಮಾಡಿಕೊಟ್ಟರು. ಒಂದೂವರೆ ಅಡಿ ಉದ್ದದ ಪೆಟ್ಟಿಗೆ, ತಳ ದೋಣಿಯಂತೆ, ಎರಡೂ ತುದಿಗೆ ಹಿಡಿಕೆ. ಮೊಳೆ ಯಾರಿಗೂ ತಾಗದಿರಲೆಂದು ಹಳೆಯ ಸೀರೆ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಕುಳಿತೆ.

ಪಕ್ಕದಲ್ಲಿ ಕುಳಿತ ಹೆಂಗಸು ಅದನ್ನು ಸವರಿ ನೋಡಿ, "ತೊಟ್ಲೇನ್ರಿ ಅಕ್ಕಾರ? ಚೊಲೋ ಮಾಡ್ಯಾರ. ಮೊಮ್ಮಗಾ ಏನ್ರಿ?" ಎಂದಳು.

ಅಲ್ಲ ಎನ್ನಬೇಕಿತ್ತು. ಆದರೆ ಅಷ್ಟು ಅಕ್ಕರೆಯಿಂದ ಯಾರಾದರೂ ನನ್ನ ಮಾತಾಡಿಸಿ ಎಷ್ಟೋ ದಿನವಾಗಿತ್ತು. "ಮೊಮ್ಮಗಳ್ರಿ" ಎಂದುಬಿಟ್ಟೆ.

"ಯಾರಂಗ ಅದಾಳ್ರಿ?"

"ಥೇಟ್ ನನ್ನಂಗ."

"ಭಾಳ ಅಳತಾಳೇನು?"

"ಇಲ್ರಿ, ಗಟ್ಟಿ ಕೂಸು."

"ತೂಕ ಚೊಲೋ ಐತೇನ್ರಿ?"

"ಒಬ್ಬರಿಗೆ ಎತ್ತಾಕ ಆಗೂದಿಲ್ರಿ."

ಬಂಕಾಪುರದಲ್ಲಿ ಇಳಿಯುವಾಗ ಆಕೆ ತನ್ನ ಚೀಲದಿಂದ ಸವಣೂರು ವೀಳ್ಯದೆಲೆಯ ಒಂದು ಕಟ್ಟು ತೆಗೆದು, "ಬಾಣಂತಿಗೆ ಕೊಡ್ರಿ, ಉಂಡ ಮ್ಯಾಲ ತಿನ್ಲಿ" ಎಂದು ಅಚ್ಚಿನೊಳಗಿಟ್ಟು, ಅದಕ್ಕೆ ನೆಟಿಕೆ ಮುರಿದು ಇಳಿದಳು. ನನ್ನ ಮನೆಗೆ ಬಾಣಂತಿ ಎಲ್ಲಿಂದ ಬರಬೇಕು? ಹೇಗೂ ಹೆರಬೇಕಾದವಳು ನಾನೇ ಎಂದುಕೊಂಡು, ದಿನಾ ಊಟವಾದ ಮೇಲೆ ಒಂದೊಂದು ಎಲೆ ನಾನೇ ತಿಂದೆ.

"ಆತು, ಮುಗೀತು"

ಅಚ್ಚಿಗೆ ಎಣ್ಣೆ ಸವರಿ, ಉಸುಕು, ಖಡಿ, ಸಿಮೆಂಟ್ ಕಲಸಿ ತುಂಬಿ, ನಡುವೆ ಎರಡು ಕಬ್ಬಿಣದ ಸಳಿ ಇಟ್ಟು, ಮೇಲೆ ಕೈಯಾಡಿಸಿ ನುಣುಪು ಮಾಡುತ್ತಿದ್ದೆ. ಕೈಗೆ ಹಳೆಯ ರೂಢಿ. ಕೈಯ ಹಿಂದೆಯೇ ಬಾಯೂ ಹೊರಟಿತು.

"ಅಲಗ್ಯಾಡಬ್ಯಾಡ... ನೋವಾಗೂದಿಲ್ಲ... ಆತು, ಆತು, ಮುಗೀತು ನೋಡು. ಶಾಣ್ಯಾ ಅದೀ."

ತಲೆ ಎತ್ತಿದರೆ ಹಾಲಿನವನು ಗೇಟಿನಲ್ಲಿ ನಿಂತಿದ್ದ. ನನ್ನನ್ನು ನೋಡಿದ, ಕಲ್ಲನ್ನು ನೋಡಿದ, ಹಾಲಿನ ಚೀಲವನ್ನು ಸದ್ದಾಗದಂತೆ ಗೇಟಿಗೆ ಸಿಕ್ಕಿಸಿ ಹೋದ.

ಮರುದಿನ ಹಾಲು ತಂದವಳು ಅವನ ಹೆಂಡತಿ. ಬಾಗಿಲಲ್ಲೇ ಕುಳಿತು, "ಆರಾಮ ಅದೀರೇನ್ರಿ ಸಿಸ್ಟರ್? ನಿದ್ದಿ ಬರ್ತೈತೇನ್ರಿ?" ಎಂದು ನಾನು ಪೇಶಂಟುಗಳನ್ನು ಕೇಳುತ್ತಿದ್ದ ಪ್ರಶ್ನೆಗಳನ್ನೆಲ್ಲ ನನಗೇ ಕೇಳಿದಳು.

ನನಗೆ ನಾಚಿಕೆಯಾಯಿತು. "ಕಲ್ಲಿನ ಜೋಡಿ ಮಾತಾಡ್ತಿದ್ದಿಲ್ಲ ಯವ್ವಾ. ಪ್ಲಾಸ್ಟರ್ ಹಾಕೂ ಮುಂದ ಹಂಗ ಮಾತಾಡಿ ರೂಢಿ ಆಗೇತಿ."

"ಇರ್ಲಿ ಬಿಡ್ರಿ, ಅದರಾಗೇನೈತಿ?" ಎಂದು ಆಕೆ ನನ್ನ ಮೊಣಕೈ ಮುಟ್ಟಿದಳು. "ನಮ್ಮ ಮನಿಯವರೂ ಮಾತಿಗೆ ಮಾತು ಕೊಡೂದಿಲ್ಲ. ನಾನೂ ದಿನಾ ಮಾತಾಡ್ತೇನಿ."

ಚಹಾ ಆರಿತು

ಎರಕದ ಕಲ್ಲು ಬೇಗ ಒಣಗಿದರೆ ಸೀಳು ಬಿಡುತ್ತದೆ. ಅದಕ್ಕೇ ಅಚ್ಚಿನಿಂದ ಬಿಡಿಸಿದ ಕಲ್ಲುಗಳನ್ನು ಅಂಗಳದಲ್ಲಿ ಸಾಲಾಗಿ ಮಲಗಿಸಿ, ಹಳೆಯ ಬಿಳಿ ಚಾದರ ಹೊದಿಸಿ, ಹೊತ್ತು ಹೊತ್ತಿಗೆ ನೀರು ಚಿಮುಕಿಸುತ್ತಿದ್ದೆ.

ಒಂದು ಬೆಳಿಗ್ಗೆ ಪಕ್ಕದ ಖಾಲಿ ಜಾಗದಲ್ಲಿ ಮಾತು ಕೇಳಿಸಿತು. ಜಾಗ ಮಾರಿಸುವ ದಲಾಲಿ ಹಿರೇಕೆರೂರಿನ ಕಡೆಯ ಗಂಡ ಹೆಂಡತಿಯನ್ನು ಕರೆದುಕೊಂಡು ಬಂದಿದ್ದ. ನನಗೆ ಆದ ಸಂತೋಷ ಹೇಳಲಾರೆ. ಪಕ್ಕದಲ್ಲಿ ಒಂದು ಮನೆ, ಸಂಜೆ ಒಂದು ದೀಪ, ಒಗ್ಗರಣೆಯ ವಾಸನೆ! ಒಳಗೆ ಓಡಿ ಚಹಾಕ್ಕೆ ಇಟ್ಟು, ಸಿಮೆಂಟು ಮೆತ್ತಿದ ಸೀರೆ ಬದಲಿಸಿ, ಕಪ್ಪುಗಳನ್ನು ತಟ್ಟೆಯಲ್ಲಿ ಜೋಡಿಸಿಕೊಂಡು ಹೊರಗೆ ಬಂದೆ. ಯಾರೂ ಇರಲಿಲ್ಲ. ದೂರದಲ್ಲಿ ಮೋಟಾರ್ ಸೈಕಲ್ಲಿನ ಧೂಳಷ್ಟೇ ಕಾಣುತ್ತಿತ್ತು. ಗೋಡೆಗೆ ಆನಿಕೊಂಡು ಎಲ್ಲ ಕಪ್ಪುಗಳನ್ನೂ ನಾನೇ ಒಂದೊಂದಾಗಿ ಕುಡಿದೆ. ಕೊನೆಯದು ಪೂರ್ತಿ ಆರಿತ್ತು.

ಸಂಜೆ ದಲಾಲಿ ಒಬ್ಬನೇ ಬಂದ. "ಏನ್ರಿ ಸಿಸ್ಟರ್ ಇದು? ಸಾಲಾಗಿ ಗೋರಿ ನೋಡಿ ಅವರು ಅಂಜಿ ಓಡಿದ್ರು."

"ಗೋರಿ ಅಲ್ಲೋ ತಮ್ಮಾ, ಗ್ವಾಡಿ ಟೋಪಿ."

"ನನಗ ಗೊತ್ತೈತ್ರಿ. ಮಾತಿಗೆ ಮಾತು ಬಂತು, ಬಾಜೂಕ ನರ್ಸಬಾಯಾರು ಅದಾರ, ಏನೂ ಚಿಂತಿ ಇಲ್ಲ ಅಂದೆ. ಆ ಅಕ್ಕಾರು ಚಾದರದ ಕಡೆ ಒಮ್ಮೆ ನೋಡಿ, 'ಹಂಗಾರ ಇವರೆಲ್ಲಾ ಆಕೀ ಪೇಶಂಟ್ ಇರಬೇಕು' ಅಂದ್ಬಿಟ್ರು!"

ಕೈ ಬಿಟ್ಟಾಗ

ಕಲ್ಲುಗಳು ಬಲಿತವು. ಮೊದಲನೆಯದನ್ನು ಗೋಡೆಗೆ ಏರಿಸಿದ ದಿನ, ಅದನ್ನು ಎರಕ ಹೊಯ್ಯುವುದು ಒಬ್ಬರ ಕೆಲಸವಾದರೂ ಕೂಡಿಸುವುದು ಇಬ್ಬರ ಕೆಲಸವೆಂದು ತಿಳಿಯಿತು. ಸ್ಟೂಲಿನ ಮೇಲೆ ನಿಂತು, ಹೇಗೋ ಎತ್ತಿ, ಹಸಿ ಸಿಮೆಂಟಿನ ಮೇಲಿಟ್ಟೆ. ಬಿಟ್ಟರೆ ಆಚೆ ಜಾರುತ್ತದೆ, ಈಚೆ ಎಳೆದರೆ ನನ್ನ ಮೇಲೇ ಬರುತ್ತದೆ. ಅಪ್ಪಿಕೊಂಡು ನಿಂತೆ. ರಸ್ತೆಯಲ್ಲಿ ಒಂದು ನರಪಿಳ್ಳೆ ಇಲ್ಲ. ಹೆಸರು ಹಿಡಿದು ಕರೆಯೋಣವೆಂದರೆ ಯಾರ ಹೆಸರೂ ಬಾಯಿಗೆ ಬರಲಿಲ್ಲ. ಆಡುಗಳು ಬಂದು ನೋಡಿಕೊಂಡು ಹೋದವು. ಸುಳ್ಳೇಕೆ, ಕಣ್ಣಲ್ಲಿ ನೀರು ಬಂತು.

ಆಗ ಬಂದರು ಅದೇ ಗಂಡ ಹೆಂಡತಿ. ಗಂಡನಿಗೆ ಜಾಗ ಮನಸ್ಸಿಗೆ ಬಂದಿತ್ತು. ದಲಾಲಿ ಇಲ್ಲದೆ ಇನ್ನೊಮ್ಮೆ ನೋಡೋಣವೆಂದು ಹೆಂಡತಿಯನ್ನು ಒತ್ತಾಯಿಸಿ ಕರೆತಂದಿದ್ದರು. ಆಕೆ ರಸ್ತೆಯಲ್ಲೇ ನಿಂತಿದ್ದರು.

"ಅಣ್ಣಾರ, ಲಗೂನ ಬರ್ರಿ! ಇದನ್ನ ಸ್ವಲ್ಪ ಹಿಡೀರಿ!" ಎಂದು ಕೂಗಿದೆ.

ಒಳ್ಳೆಯ ಮನುಷ್ಯ. ಓಡಿ ಬಂದು ಗೋಡೆಯ ಆಚೆಯಿಂದ ಎರಡೂ ಕೈಯಲ್ಲಿ ಹಿಡಿದರು. ನಾನು ಉಸಿರು ಬಿಟ್ಟು ಸಿಮೆಂಟ್ ಸರಿಮಾಡತೊಡಗಿದೆ.

ರಸ್ತೆಯಿಂದ ಹೆಂಡತಿ ಕೂಗಿದರು, "ಮೊದಲ ಆ ಗೋರಿದ ಕೇಳ್ರಿ!"

ಗಂಡ ಸಂಕೋಚದಿಂದ ಕೇಳಿದರು, "ತಪ್ಪ ತಿಳಕೋಬ್ಯಾಡ್ರಿ ಸಿಸ್ಟರ್... ಅಂಗಳದಾಗ ಗೋರಿ ಇದ್ವಲ್ರಿ, ಅವು ಯಾರ್ವು?"

"ನೀವು ಹಿಡಕೊಂಡ ನಿಂತೀರಲ್ರಿ, ಅದ ನೋಡ್ರಿ ಅದು!" ಎಂದೆ.

ಅಯ್ಯೋ ಎಂದವರೇ ಎರಡೂ ಕೈ ಬಿಟ್ಟರು. ಕಲ್ಲು ಅವರ ಕಡೆಗೇ ಜಾರಿ ಮಣ್ಣಿಗೆ ಬಿದ್ದು, ಅದರ ಅಂಚು ಅವರ ಕಾಲಿನ ಹೆಬ್ಬೆರಳಿಗೆ ಬಡಿಯಿತು. ಕಲ್ಲಿಗೆ ಏನೂ ಆಗಲಿಲ್ಲ.

ಆ ಮಧ್ಯಾಹ್ನ ಅವರಿಬ್ಬರೂ ನನ್ನ ಮನೆಯಲ್ಲೇ ಇದ್ದರು. ಬೆರಳಿಗೆ ಪಟ್ಟಿ ಕಟ್ಟಿ, ಕಾಲನ್ನು ಅದೇ ಸ್ಟೂಲಿನ ಮೇಲೆ ಇಡಿಸಿದೆ. ಅಂಗಳದ ಕಲ್ಲುಗಳನ್ನು ತೋರಿಸಿದ ಮೇಲೆ ಅಂಜಿಕೆ ಬಿಟ್ಟ ಹೆಂಡತಿ ಅಡುಗೆಮನೆಗೆ ಬಂದು, ಕೇಳದೆಯೇ ರೊಟ್ಟಿ ಬಡಿಯಲು ಕುಳಿತರು. ಬದನೆಕಾಯಿ ಪಲ್ಯ ಮಾಡಿದೆ. ಕೊನೆಗೆ ಅವರು ಆ ಜಾಗ ತೆಗೆದುಕೊಳ್ಳಲಿಲ್ಲ, ಶಿಗ್ಗಾವಿಯಲ್ಲಿ ನೆಂಟರ ಮನೆಯ ಹತ್ತಿರ ಕೊಂಡರು. ನನ್ನ ಪಕ್ಕದಲ್ಲಿ ಈಗಲೂ ಹುಲ್ಲೇ ಇದೆ. ಆದರೆ ಅವತ್ತು ಉಣ್ಣುವಾಗ ಆದ ಮಾತು ನೆನಪಾದರೆ ಈಗಲೂ ಒಬ್ಬಳೇ ನಗುತ್ತೇನೆ.

ಹೆಂಡತಿ ಪಟ್ಟಿ ಕಟ್ಟಿದ ಬೆರಳನ್ನು ನೋಡಿ, "ಎಷ್ಟ ಚಂದ ಕಟ್ಟ್ಯಾರ ನೋಡ್ರಿ. ಈ ಜಾಗಾನ ತಗೊಳ್ಳೂಣ್ರಿ, ದವಾಖಾನಿ ಮಗ್ಗಲದಾಗ ಇದ್ದಂಗ ಆಕ್ಕೈತಿ" ಎಂದರು.

ಗಂಡ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಹೇಳಿದರು:

"ಖರೇ ಐತಿ. ಆದ್ರ ಕಾಲು ಮುರಿಯೂದೂ ಇಲ್ಲೇ ಐತಲ್ಲ!"