ಕಂಡಕ್ಟರ್ ಮುತ್ತಯ್ಯನ ‘ರೈಟ್’

ಕೊಳ್ಳೇಗಾಲದಿಂದ ಹನೂರಿಗೆ ಓಡುವ ಖಾಸಗಿ ಬಸ್ಸಿನ ಕಂಡಕ್ಟರ್ ಮುತ್ತಯ್ಯ ಅಂದು ಭೀಷ್ಮಪ್ರತಿಜ್ಞೆ ಮಾಡಿದ. ಅವ್ವನ ಮಣ್ಣು ಮುಗಿಯುವವರೆಗೆ ‘ರೈಟ್’ ಎಂಬ ಮಾತು ತನ್ನ ಬಾಯಿಂದ ಹೊರಡುವುದಿಲ್ಲ!

ಅದೇನು ಸಾಮಾನ್ಯ ಪ್ರತಿಜ್ಞೆಯೇ? ಮುತ್ತಯ್ಯ ಬಲ್ಲ ಇಂಗ್ಲಿಷಿನ ಮಹಾಸಾಮ್ರಾಜ್ಯವೆಲ್ಲ ಆ ಒಂದೇ ಮಾತಿನಲ್ಲಿ ಅಡಗಿತ್ತು. ಬಸ್ಸು ಹೊರಡಬೇಕಾದರೆ ರೈಟ್. ಸೊಪ್ಪಿನ ಸಾರು ಹದವಾಗಿದ್ದರೆ ರೈಟ್. ಮಗುವಿಗೆ ಜ್ವರ ಬಿಟ್ಟರೆ ಮಗು ರೈಟಾಯಿತು. ಪಕ್ಕದ ಮನೆಯವನ ತಲೆ ಕೆಟ್ಟರೆ ಅವನು ರೈಟಿಲ್ಲ. ಹೆಂಡತಿಯ ದೂರು ಸಾಕೆನಿಸಿದರೆ ‘ರೈಟ್ ರೈಟ್!’ ಆ ಮುಂಜಾನೆ ನಾಡಿ ಹಿಡಿದಿದ್ದ ಪಂಡಿತರು ಅವ್ವನ ಕೈಯನ್ನು ಮೆಲ್ಲಗೆ ಕೆಳಗಿಟ್ಟಾಗಲೂ ಅವನ ಬಾಯಿಂದ ಮೊದಲು ಬಂದದ್ದು ಅದೇ. ಅಳು ಬಂದದ್ದು ಆಮೇಲೆ.

ಹೆಂಡತಿ ಚಾಮುಂಡಮ್ಮ ಅವನನ್ನು ಹಿತ್ತಲಿಗೆ ಎಳೆದುಕೊಂಡು ಹೋದಳು.

“ಎತ್ತವ್ವ ಸತ್ರೂ ಬಸ್ಸು ಬುಡ್ತೀಯಲ್ಲ, ಕೇಳ್ದೋರು ಏನಂದಾರು?”

“ಆಣೆ ಕಣಮ್ಮಿ! ಸಂಜೆಗಂಟ ಬಾಯೇ ಬುಡಾಕಿಲ್ಲ.”

“ನೀನಾ? ನೋಡ್ತೀನಿ ಬುಡು.”

ಯಳಂದೂರಿಗೆ ಕೊಟ್ಟಿದ್ದ ತಂಗಿ ಬಸವಮ್ಮನಿಗೆ ಸುದ್ದಿ ಹೇಳಲು ಬೆಳಿಗ್ಗೆಯೇ ಸೈಕಲ್ಲಿನಲ್ಲಿ ಆಳು ಹೋಗಿದ್ದ. ಹೊತ್ತು ಇಳಿಯುತ್ತ ಬಂದರೂ ಅವಳ ಸುಳಿವಿಲ್ಲ. ಅವ್ವನಿಗೆ ಅವಳೊಬ್ಬಳೇ ಹೆಣ್ಣುಮಗಳು. ಅವರ ಊರು ಧನಗೆರೆಯ ಪದ್ಧತಿಯಂತೆ ಹೆಂಗಸರು ಹೆಣದ ಹಿಂದೆ ಅರೆದಾರಿಯವರೆಗೆ ಮಾತ್ರ ಹೋಗಬಹುದು. ಅಷ್ಟರೊಳಗೆ ಬಾರದಿದ್ದರೆ ಅವಳಿಗೆ ಅವ್ವನ ಮುಖ ಇನ್ನಿಲ್ಲ.

ಊರ ಹಿರಿಯ ಕೆಂಚಯ್ಯ ಹೇಳಿದ: “ಲೇ ಮುತ್ತ, ಒತ್ತು ಮುಳುಗಕೆ ಮುಂಚೆ ಮಣ್ಣಾಗ್ಬೇಕು. ಆದ್ರೂ ಬಸವಿ ಬರಗಂಟ ಕಾಯಣ. ನೀನು ಬಾಗಿಲಲ್ಲಿ ನಿಂತು ರಸ್ತೆ ನೋಡ್ಕ. ನೀನು ಎತ್ತಿ ಅನ್ನದೆ ಯಾರೂ ಚಟ್ಟ ಎತ್ತಾಕಿಲ್ಲ.”

ಮುತ್ತಯ್ಯ ತುಟಿ ಬಿಗಿದು ತಲೆಯಾಡಿಸಿದ. ಅಲ್ಲಿಯವರೆಗೆ ಪ್ರತಿಜ್ಞೆ ಬಂಡೆಯಂತೆ ನಿಂತಿತ್ತು!

ಅವ್ವನನ್ನು ಮಲಗಿಸಿದ್ದ ಚಟ್ಟದ ಕಟ್ಟು ಗಟ್ಟಿಯಿದೆಯೋ ಎಂದು ನೋಡಲು ಅಂಗಳದಲ್ಲಿ ಮೂವರು ಬಿದಿರು ಹಿಡಿದು ನಿಂತರು. ಹೊಲದಿಂದ ಓಡಿ ಬಂದ ನಾಲ್ಕನೆಯವನು “ತಡೀರಿ, ನಾನೂ ಬಂದೆ!” ಎಂದು ನುಗ್ಗಿ ಒಂದು ತುದಿ ಹಿಡಿದ. ಸದ್ದು ಕೇಳಿ ಮುತ್ತಯ್ಯ ತಿರುಗಿ ನೋಡಿದ. ಸುತ್ತ ಕಿಕ್ಕಿರಿದ ಜನ. ಎಲ್ಲರ ಕೈಯೂ ಬಿದಿರಿನ ಮೇಲೆ. ಕಡೆಯವನೂ ಹತ್ತಿಯಾಯಿತು.

“ರೈಟ್!”

ನಾಲಿಗೆ ಯಜಮಾನನನ್ನು ಕೇಳಲೇ ಇಲ್ಲ. ಆ ನಾಲ್ವರೂ ಅವನ ಬಸ್ಸಿನ ನಿತ್ಯದ ಗಿರಾಕಿಗಳು. ಆ ಕೂಗಿಗೆ ಅವರ ಮೈ ತಾನಾಗಿ ಮುಂದಕ್ಕೆ ವಾಲಿತು. ಚಟ್ಟ ಎದ್ದಿತು. ತಮಟೆ ಮೊಳಗಿತು. ಬೆಂಕಿ ಮಡಕೆ ಹಿಡಿದಿದ್ದ ಅಣ್ಣ ಪುಟ್ಟಮಾದಪ್ಪ ಹೆಜ್ಜೆ ಹಾಕಿಯೇ ಬಿಟ್ಟ.

“ನಿಲ್ಸಿ! ನಿಲ್ಸಿ!” ಮುತ್ತಯ್ಯ ಕೆಂಚಯ್ಯನ ಹೆಗಲ ವಸ್ತ್ರ ಹಿಡಿದು ಜಗ್ಗಿದ.

“ಎತ್ತಿದ್ ಚಟ್ಟವ ಬಾಗಿಲಲ್ಲಿ ಇಳಿಸ್ಬಾರ್ದು ಕಣ್ಲಾ. ಇನ್ನೇನಿದ್ರೂ ಅರೆದಾರೀಲೇ ಇಳ್ಸದು.”

ತಂಗಿಗಾಗಿ ಮುತ್ತಯ್ಯ ಬಾಗಿಲಲ್ಲೇ ಉಳಿದ; ಮೆರವಣಿಗೆ ಬೀದಿ ತಿರುಗಿ ಮರೆಯಾಯಿತು. ಆಗ ಬಂತು ಬಸ್ಸು! ಬಸವಮ್ಮ ಸೆರಗು ಬಾಯಿಗೊತ್ತಿಕೊಂಡು ಇಳಿದಳು. ಬರಿದಾದ ಅಂಗಳ ನೋಡಿದಳು.

“ಅಣ್ಣಾ, ಅವ್ವ ಎಲ್ಲಿ?”

ಮುತ್ತಯ್ಯ ದೂಳಿನ ಕಡೆ ಕೈ ತೋರಿಸಿದ.

“ನನ್ನ ಬುಟ್ಟು ಓದ್ರಾ? ಯಾರಣ್ಣ ಎತ್ತಿ ಅಂದೋರು?”

“ನಾನೇ ಕಣವ್ವಾ.”

ಆಮೇಲೆ ಇಬ್ಬರದೂ ಓಟ! ಮುತ್ತಯ್ಯನ ಒಂದು ಕಾಲಿನ ಚಪ್ಪಲಿ ಚರಂಡಿಗೆ ಬಿತ್ತು. ಪಂಚೆ ಬೇಲಿಗೆ ಸಿಕ್ಕಿ ಪರ್ರೆಂದಿತು. ಎದೆ ಡೀಸೆಲ್ ಇಂಜಿನ್ನಿನಂತೆ ಗುದ್ದುತ್ತಿತ್ತು. ಕೈ ಬೀಸಿದ, ಕೂಗಿದ. ಮುಂದಿದ್ದವರಾರೂ ತಿರುಗಿ ನೋಡಲಿಲ್ಲ.

ಅರೆದಾರಿಯ ಬೇವಿನ ಮರದ ಕೆಳಗೆ ಚಟ್ಟ ಇಳಿಸಿ, ತಲೆಯ ದಿಕ್ಕು ಬದಲಿಸಿ, ಇನ್ನೇನು ಎತ್ತಬೇಕು ಎನ್ನುವಷ್ಟರಲ್ಲಿ ಇಬ್ಬರೂ ತಲುಪಿದರು. ಬಸವಮ್ಮ ಅವ್ವನ ಕೆನ್ನೆಗೆ ಕೆನ್ನೆಯಿಟ್ಟು ಗೋಳಾಡಿದಳು. ಹರಿದ ಪಂಚೆಯ ಮುತ್ತಯ್ಯ ಮೊಣಕಾಲಿಗೆ ಕೈಯೂರಿ ಏದುಸಿರು ಬಿಡುತ್ತಿದ್ದ. ಅತ್ತು ಅತ್ತು ದನಿ ಇಂಗಿದ ಮೇಲೆ ತಂಗಿ ಅವನತ್ತ ತಿರುಗಿದಳು.

“ಸಂತೆ ದಿಸ ಗಂಟು ಒತ್ಕಂಡು ಅವ್ವ ನಿನ್ ಬಸ್ಸಿನ ಇಂದೆ ಎಷ್ಟು ದಪ ಓಡೌಳೋ, ಒಂದು ಗಳಿಗೆ ನಿಲ್ಸಿದ್ಯಾ? ಇವತ್ತು ನೋಡು, ನೀನು ಓಡಿ ಬರ್ಲಿ ಅಂತ ಅವಳೇ ನಿಂತವ್ಳೆ.”